ನೆರಳಿನಲ್ಲಿ ಕಲಿತ ಮಕ್ಕಳು

ಮಾನ್ಯರೇ,

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಕನ್ನಡ, ತೆಲುಗು, ಉರ್ದು, ತಮಿಳು ಒಂದೇ ಓಣಿಯಲ್ಲಿ ಕೇಳಿಸುತ್ತವೆ. ಇಲ್ಲಿನ ಚರ್ಚ್ ಒಂದರ ಯುವಕ ಯುವತಿಯರು ಈ ಬೇಸಿಗೆ ರಜೆಯಲ್ಲಿ ಓಣಿಯ ಎಲ್ಲ ಮಕ್ಕಳಿಗೂ ಓದು, ಲೆಕ್ಕ, ಹಾಡು ಕಲಿಸಿದರು. ಬಿಸಿಲು 40 ಡಿಗ್ರಿ ದಾಟುವ ಊರು. ಬೆಳಿಗ್ಗೆ ಏಳಕ್ಕೇ ಬೇವಿನ ಮರದಡಿ ಪಾಠ ಶುರುವಾಗುತ್ತಿತ್ತು. ಮನೆಯಲ್ಲಿ ಉರ್ದು ಮಾತನಾಡುವ ನಮ್ಮ ಪಕ್ಕದ ಮನೆಯ ಹುಡುಗಿ ಸ್ಲೇಟಿನ ಮೇಲೆ ‘ಳ’ ಬರೆದು, ಅಂಗೈಯಿಂದ ಒರೆಸಿ, ಮತ್ತೆ ಬರೆದು, ಕೊನೆಗೊಂದು ದಿನ ‘ಬಳ್ಳಾರಿ’ ಎಂದು ಒತ್ತಕ್ಷರ ಸಮೇತ ಬರೆದು ತೋರಿಸಿದಳು. ನನಗೆ ಕಣ್ಣು ತುಂಬಿ ಬಂತು. ಜಾತಿ, ಮತ ಕೇಳದೆ ಮಕ್ಕಳನ್ನು ಕೂರಿಸಿಕೊಂಡ ಆ ಯುವಜನರಿಗೆ ಮನಸಾರೆ ವಂದನೆ. ಶಾಲೆ ತೆರೆದ ಮೇಲೂ ವಾರಕ್ಕೊಮ್ಮೆಯಾದರೂ ಈ ಪಾಠ ನಡೆಯಬೇಕು. ಮಹಾನಗರ ಪಾಲಿಕೆಯು ಒಂದು ಕೊಠಡಿ, ಕುಡಿಯುವ ನೀರು ಒದಗಿಸಿಕೊಡಲಿ.

– ಓಣಿಯ ನಿವಾಸಿ, ಕೌಲ್ ಬಜಾರ್, ಬಳ್ಳಾರಿ