ಮಹೇಂದ್ರಗಿರಿಯ ಚರಿತ್ರೆಯೂ ದಾಖಲಾಗಲಿ

ಸಂಪಾದಕರಿಗೆ,

ಮಾನ್ಯರೇ,

ರಾಕೆಟ್ ಉಡಾವಣೆಯಾದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಶ್ರೀಹರಿಕೋಟಾದ ಚಿತ್ರವಿರುತ್ತದೆ. ಅದೇ ರಾಕೆಟ್ಟಿನ ದ್ರವ ಇಂಧನದ ಎಂಜಿನ್ನುಗಳನ್ನು ನೆಲದ ಮೇಲೆ ಬಿಗಿದು, ಉರಿಸಿ, ಪರೀಕ್ಷಿಸುವ ಮಹೇಂದ್ರಗಿರಿಯ ಹೆಸರು ಒಳಪುಟಗಳಲ್ಲೂ ಅಪರೂಪ. ತಮಿಳುನಾಡಿನ ತಿರುನಲ್ವೇಲಿ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟದ ದಕ್ಷಿಣ ತುದಿಯಲ್ಲಿರುವ ಈ ಕೇಂದ್ರದ ಚರಿತ್ರೆಯನ್ನು ತಮ್ಮ ಪತ್ರಿಕೆ ವಿವರವಾಗಿ ಪ್ರಕಟಿಸಬೇಕೆಂದು ಕೋರುತ್ತೇನೆ.

1974ರಲ್ಲಿ ಫ್ರಾನ್ಸಿನೊಡನೆ ಆದ ಒಪ್ಪಂದದಂತೆ ನಮ್ಮ ಎಂಜಿನಿಯರುಗಳು ಅಲ್ಲಿನ ವೈಕಿಂಗ್ ಎಂಜಿನ್ನಿನ ಕೆಲಸದಲ್ಲಿ ದುಡಿದು ಆ ವಿದ್ಯೆ ಕಲಿತು ಬಂದರು. ಅದರಿಂದ ರೂಪುಗೊಂಡ ವಿಕಾಸ್ ಎಂಜಿನ್ನನ್ನು 1985ರಲ್ಲಿ ಉರಿಸಿ ನೋಡಿದ್ದು ಫ್ರಾನ್ಸಿನ ವರ್ನಾನಿನಲ್ಲಿ. ಇಂಥ ಪರೀಕ್ಷೆಗೆ ಕಡಲಾಚೆ ಹೋಗುವುದನ್ನು ತಪ್ಪಿಸಿದ್ದು ಮಹೇಂದ್ರಗಿರಿ.

ಕ್ರಯೋಜೆನಿಕ್ ಎಂಜಿನ್ನಿನ, ಎಂದರೆ ಅತಿ ತಣ್ಣನೆಯ ದ್ರವ ಇಂಧನದಿಂದ ಉರಿಯುವ ಎಂಜಿನ್ನಿನ, ಕಥೆ ಇನ್ನೂ ಕಠಿಣವಾದದ್ದು. ಅಮೆರಿಕದ ಒತ್ತಡಕ್ಕೆ ಮಣಿದ ರಷ್ಯಾ 1993ರಲ್ಲಿ ತಂತ್ರಜ್ಞಾನ ಕೊಡುವುದರಿಂದ ಹಿಂದೆ ಸರಿದ ಮೇಲೆ, ಮೈನಸ್ 253 ಡಿಗ್ರಿಯ ದ್ರವ ಜಲಜನಕವನ್ನು ಪಳಗಿಸುವ ಕೆಲಸವನ್ನು ನಮ್ಮವರೇ ಮಾಡಬೇಕಾಯಿತು. 2010ರ ಏಪ್ರಿಲ್ 15ರಂದು ಸ್ವದೇಶಿ ಕ್ರಯೋಜೆನಿಕ್ ಹಂತ ಹೊತ್ತ ಮೊದಲ ಜಿಎಸ್‌ಎಲ್‌ವಿ ರಾಕೆಟ್ ವಿಫಲವಾಯಿತು. ಎಂಜಿನ್ ಹೊತ್ತಿಕೊಂಡ ಬೆನ್ನಲ್ಲೇ ಇಂಧನದ ಬೂಸ್ಟರ್ ಪಂಪು ನಿಂತುಹೋಗಿತ್ತು. ಆಕಾಶದಲ್ಲಿ ಎಂಜಿನ್ ಹೊತ್ತಿಕೊಳ್ಳಬೇಕಾದದ್ದು ನಿರ್ವಾತದಲ್ಲಿ. ಆದ್ದರಿಂದ ಮಹೇಂದ್ರಗಿರಿಯಲ್ಲಿ ಆ ಎತ್ತರದ ನಿರ್ವಾತವನ್ನೇ ಸೃಷ್ಟಿಸಿ, ಅದರೊಳಗೆ ಎಂಜಿನ್ ಹೊತ್ತಿಸಿ ನೋಡಲಾಯಿತು. 2014ರ ಜನವರಿ 5ರಂದು ಸ್ವದೇಶಿ ಕ್ರಯೋಜೆನಿಕ್ ಹಂತದ ರಾಕೆಟ್ ಕಂಡ ಯಶಸ್ಸಿನ ಹಿಂದೆ ಈ ದುಡಿಮೆಯಿದೆ. ಅಲ್ಲಿಯವರೆಗೆ ಇಸ್ರೋದ ದ್ರವ ನೋದನ (ದ್ರವ ಇಂಧನದ ಎಂಜಿನ್) ವ್ಯವಸ್ಥೆಗಳ ಕೇಂದ್ರದ ಭಾಗವಾಗಿದ್ದ ಮಹೇಂದ್ರಗಿರಿ, ಮರುತಿಂಗಳ ಮೊದಲ ದಿನವೇ ಇಸ್ರೋದ ಸ್ವತಂತ್ರ ಘಟಕವಾಯಿತು.

2022ರ ಜನವರಿ 12ರಂದು ಅಲ್ಲಿ ಗಗನಯಾನದ ಕ್ರಯೋಜೆನಿಕ್ ಎಂಜಿನ್ನನ್ನು 720 ಸೆಕೆಂಡು ಉರಿಸಲಾಯಿತು. ಒಂದೇ ಯಂತ್ರದಲ್ಲಿ, ಅಷ್ಟು ತಣ್ಣನೆಯ ದ್ರವವೂ ಕಬ್ಬಿಣ ಕರಗಿಸುವಷ್ಟು ಬಿಸಿಯ ಜ್ವಾಲೆಯೂ ಹನ್ನೆರಡು ನಿಮಿಷ ಒಟ್ಟಿಗೆ ಇದ್ದವೆಂಬುದನ್ನು ನೆನೆದರೆ, ಭೌತಶಾಸ್ತ್ರ ಪಾಠ ಮಾಡಿದ ನನಗೆ ಇಂದಿಗೂ ರೋಮಾಂಚನವಾಗುತ್ತದೆ.

ಇದು ನೆರೆರಾಜ್ಯದ ಸುದ್ದಿ ಮಾತ್ರವಲ್ಲ. ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. 2022ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್‌ನ ಕ್ರಯೋಜೆನಿಕ್ ಎಂಜಿನ್ ತಯಾರಿಕಾ ಘಟಕವೂ ಇಲ್ಲೇ ಇದೆ. ಮಹೇಂದ್ರಗಿರಿಯಲ್ಲಿ ದುಡಿದು ನಿವೃತ್ತರಾದ ಎಂಜಿನಿಯರುಗಳನ್ನೂ ತಂತ್ರಜ್ಞರನ್ನೂ ತಮ್ಮ ವರದಿಗಾರರು ಹುಡುಕಿ ಮಾತನಾಡಿಸಬೇಕು. ಗೆದ್ದ ದಿನದ ನೆನಪನ್ನಷ್ಟೇ ಕೇಳದೆ, ಯಾವ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು, ಅಳತೆಗಳಲ್ಲಿ ಏನು ಕಂಡಿತು, ಮುಂದಿನ ಪರೀಕ್ಷೆಯೊಳಗೆ ಯಾವ ಭಾಗವನ್ನು ಬದಲಿಸಿದರು ಎಂಬುದನ್ನೂ ಕೇಳಿ ಬರೆಸಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ಮೈಸೂರು