ಬಿಸಿಲಿಗಿಟ್ಟಿದ್ದೇ ತಪ್ಪಾದ ಸೋಲಾರ್ ಪವರ್ ಬ್ಯಾಂಕ್

ಇಂದ: ನಿಮ್ಮ ಗ್ರಾಹಕ, ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ
ಗೆ: ಕುಂದುಕೊರತೆ ಅಧಿಕಾರಿಗಳು
ವಿಷಯ: ಉಬ್ಬಿ ಕೆಟ್ಟಿರುವ ಸೋಲಾರ್ ಪವರ್ ಬ್ಯಾಂಕಿನ ಹಣ ಹಿಂತಿರುಗಿಸುವ ಕುರಿತು

ಮಾನ್ಯರೇ,

ಕಳೆದ ಫೆಬ್ರವರಿಯಲ್ಲಿ ನಿಮ್ಮ ಜಾಲತಾಣದಿಂದ 1,899 ರೂಪಾಯಿಗೆ ತರಿಸಿಕೊಂಡ 20,000 ಮಿಲಿಆಂಪ್-ಅವರ್ ಸೋಲಾರ್ ಪವರ್ ಬ್ಯಾಂಕಿನ ಬಗ್ಗೆ ಐದು ಬಾರಿ ಫೋನ್ ಮಾಡಿ, ಐದು ಬಾರಿಯೂ ದೂರಿನ ಸಂಖ್ಯೆಯನ್ನಷ್ಟೇ ಪಡೆದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ವಾರಂಟಿಯ ಷರತ್ತುಗಳು ನಿಮ್ಮವೇ ಆದ್ದರಿಂದ ಅವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಬೇಸಿಗೆ ಕಡಲೆಕಾಯಿಗೆ ಹಂದಿಗಳ ಕಾಟವಿರುವುದರಿಂದ ರಾತ್ರಿ ಹೊಲದಲ್ಲೇ ಮಲಗುವ ನನಗೆ ಮೊಬೈಲಿಗೂ ಟಾರ್ಚಿಗೂ ಚಾರ್ಜ್ ಬೇಕಿತ್ತು. ‘ಒಂದು ದಿನದ ಬಿಸಿಲು ಸಾಕು’ ಎಂದು ಡಬ್ಬದ ಮೇಲಿತ್ತು. ಮೂರು ದಿನ ಬಂಡೆಯ ಮೇಲಿಟ್ಟರೂ ಚಾರ್ಜ್ ಎಷ್ಟಾಗಿದೆಯೆಂದು ತೋರಿಸುವ ನಾಲ್ಕು ದೀಪಗಳಲ್ಲಿ ಎರಡನೆಯದು ಹತ್ತಲಿಲ್ಲ. ಪಿಯುಸಿ ಓದುತ್ತಿರುವ ಮಗಳು ಡಬ್ಬದ ಅಂಕಿಗಳನ್ನೇ ಹಿಡಿದು ಲೆಕ್ಕ ಹಾಕಿದಳು: 3.7 ವೋಲ್ಟಿನ ಈ ಬ್ಯಾಟರಿ ಪ್ಯಾಕ್ ತುಂಬಲು 74 ವಾಟ್-ಅವರ್ ಬೇಕು, ಅಂಗೈಯಗಲದ ಫಲಕ ಕೊಡುವುದು ಒಂದೂವರೆ ವಾಟ್. ಚೂರೂ ನಷ್ಟವಾಗದಿದ್ದರೂ ನೆತ್ತಿ ಸುಡುವ ಬಿಸಿಲು 49 ಗಂಟೆ ಬೇಕು. ನಿಮ್ಮ ಕಡೆ ಒಂದು ದಿನ ಅಷ್ಟು ಉದ್ದವಿದ್ದರೆ ನನ್ನ ಆಕ್ಷೇಪವಿಲ್ಲ. ‘ನಿಮ್ಮ ಊರಲ್ಲಿ ಬಿಸಿಲು ಕಡಿಮೆ ಇರಬಹುದು’ ಎಂದು ಐದನೆಯ ಕರೆಯಲ್ಲಿ ಹೇಳಿದವರಿಗೆ, ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಇರುವುದು ಇದೇ ತಾಲ್ಲೂಕಿನಲ್ಲಿ ಎಂದು ದಯವಿಟ್ಟು ತಿಳಿಸಿ.

ಏಪ್ರಿಲ್‌ನಲ್ಲಿ ಪ್ಯಾಕ್ ಬನ್ನಿನಂತೆ ಉಬ್ಬಿ ಅಂಚು ಬಿರಿಯಿತು. ಬಸ್ ಹಿಡಿದು ತುಮಕೂರಿನ ನಿಮ್ಮ ಸರ್ವಿಸ್ ಸೆಂಟರಿಗೆ ಹೋಗಿ ಟೋಕನ್ ಪಡೆದು ಎರಡು ಗಂಟೆ ಕಾದೆ. ಕೌಂಟರಿನ ಹುಡುಗ ತಲೆಯೆತ್ತದೆ ಕೇಳಿದ:

‘ಯಜಮಾನ್ರೇ, ಇದನ್ನ ಬಿಸಿಲಲ್ಲಿ ಇಟ್ಟಿದ್ರಾ?’

‘ಹೌದಪ್ಪ.’

‘ಅದೇ ತಪ್ಪು.’

ಹಿಂದೆ ನಿಂತಿದ್ದವರು ನಕ್ಕರು. 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು, ನೇರ ಬಿಸಿಲಿಗೆ ಒಡ್ಡಬಾರದು ಎಂಬ ಇರುವೆಗಾತ್ರದ ಅಕ್ಷರಗಳನ್ನು ಅವನು ತೋರಿಸಿದ. ಲಿಥಿಯಂ ಬ್ಯಾಟರಿಗೆ ಬಿಸಿ ಆಗದೆಂಬುದು ನಿಜವೇ. ಆದರೆ ಅದನ್ನು ಫಲಕದ ಬೆನ್ನಿಗೇ ಅಂಟಿಸಿದವನು ನಾನಲ್ಲ. ಹಾಗಾದರೆ ಸೋಲಾರ್ ಏತಕ್ಕೆ ಎಂದು ಕೇಳಿದೆ. ‘ಮನೇಲಿ ಕರೆಂಟಿಗೆ ಹಾಕ್ಕೊಳ್ಳಿ, ಸೋಲಾರ್ ಎಮರ್ಜೆನ್ಸಿಗೆ’ ಎಂದ. ‘ಗ್ರಾಹಕರಿಂದಲೇ ಹಾನಿ’ ಎಂದು ಇಂಗ್ಲಿಷಿನಲ್ಲಿ ಬರೆದ ಹಾಳೆಯನ್ನು ನನ್ನತ್ತ ತಳ್ಳಿ, ಪೆನ್ನು ಕೊಡುವ ಬದಲು ನೀಲಿ ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ತೆರೆದಿಟ್ಟ. ಇಪ್ಪತ್ತೆರಡು ವರ್ಷ ಹಾಲಿನ ಡೈರಿಯ ಲೆಕ್ಕ ಬರೆದವನು ನಾನು. ನನ್ನ ಜೇಬಿನ ಪೆನ್ನು ತೆಗೆದು, ‘ಒಪ್ಪಿಲ್ಲ’ ಎಂದು ಕನ್ನಡದಲ್ಲಿ ಬರೆದು ಸಹಿ ಹಾಕಿದೆ. ಬೆಂಕಿ ಹತ್ತಬಹುದಾದ ಆ ಪ್ಯಾಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟು, ಜನ ತುಂಬಿದ ಬಸ್ಸಿಗೆ ಹತ್ತಿಸಿದಿರಿ. ಕೆಟ್ಟ ಬ್ಯಾಟರಿ ಸಂಗ್ರಹಿಸುವ ಹೊಣೆ ಉತ್ಪಾದಕರದೆಂದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿರುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ದೂರು ತಲುಪಿದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂಬ 2020ರ ಇ-ವಾಣಿಜ್ಯ ನಿಯಮವೂ ಗೊತ್ತಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು. 1,899 ರೂಪಾಯಿಯ ವಸ್ತುವಿಗೆ ಶುಲ್ಕವೂ ಇಲ್ಲ. ಹಣ ಬಂದರೆ ತೆಗೆದುಕೊಳ್ಳುತ್ತೇನೆ, ಆದರೆ ದೂರು ಹೂಡುವುದನ್ನು ಇನ್ನು ನಿಲ್ಲಿಸುವುದಿಲ್ಲ. ಆ ಹಾಳೆಯ ನಕಲು ನನ್ನಲ್ಲಿದೆ. ವಿಚಾರಣೆಗೆ ಬರುವಾಗ ಸ್ಟ್ಯಾಂಪ್ ಪ್ಯಾಡನ್ನೂ ತನ್ನಿ.

ಇತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ನಕಲು, ಉಬ್ಬಿದ ಪ್ಯಾಕಿನ ಎರಡು ಫೋಟೊ, ಬಸ್ ಟಿಕೆಟ್