ಬೆಂಗಳೂರು–ಮಂಗಳೂರು ‘ಒಂದೇ ಗಂಟೆ’ ಅಂತ ಬರೆಯಬೇಡಿ

ಸಂಪಾದಕರೇ,

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಸುಮಾರು 300 ಕಿ.ಮೀ., ಒಂದು ಗಂಟೆ ಪ್ರಯಾಣ ಅಂತ ಆನ್‌ಲೈನ್‌ನಲ್ಲಿ ಎಲ್ಲಿ ಹುಡುಕಿದರೂ ಸಿಗುತ್ತದೆ. ಪತ್ರಿಕೆಗಳೂ ಅದನ್ನೇ ಹಾಕುತ್ತವೆ. ಲೆಕ್ಕ ಸುಳ್ಳಲ್ಲ, ಆದರೆ ಅದು ದೇವನಹಳ್ಳಿ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜಪೆ ನಿಲ್ದಾಣಕ್ಕೆ ಆಗುವ ಲೆಕ್ಕ. ಜನ ಹೊರಡುವುದು ಮನೆಯಿಂದ ಅಲ್ವಾ?

ಕೆಂಗೇರಿ ಕಡೆಯವರನ್ನೇ ತಗೊಳ್ಳಿ. ಮಂಗಳೂರು ಇರುವುದು ಪಶ್ಚಿಮಕ್ಕೆ, ಇವರು ಮೊದಲು ಇಡೀ ಊರು ದಾಟಿಕೊಂಡು ಈಶಾನ್ಯಕ್ಕೆ ಹತ್ತಿರ ಹತ್ತಿರ 50 ಕಿ.ಮೀ. ಹೋಗಬೇಕು, ಹೆಬ್ಬಾಳದಲ್ಲಿ ಟ್ರಾಫಿಕ್ ಜಾಸ್ತಿ ಇದ್ದರೆ ಅದಕ್ಕೇ ಎರಡು ಗಂಟೆ ಬೇಕು. 2008ರವರೆಗೆ ವಿಮಾನಗಳು ಊರೊಳಗಿನ ಎಚ್‌ಎಎಲ್ ನಿಲ್ದಾಣದಿಂದ ಹೊರಡುತ್ತಿದ್ದವು, ಆಗ ಈ ಪಾಡು ಇರಲಿಲ್ಲ. ಬ್ಯಾಗ್ ಕೊಡುವ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ಹಾಗಾಗಿ ಅದಕ್ಕೂ ಮೊದಲೇ ಅಲ್ಲಿರಬೇಕು.

ಇನ್ನು ಕೆಲವರು 300 ಕಿಲೋಮೀಟರನ್ನು ಗಂಟೆಗೆ 800ರ ವೇಗದಿಂದ ಭಾಗಿಸಿ, ಇಪ್ಪತ್ತೈದು ನಿಮಿಷವೂ ಬೇಡ ಅನ್ನುತ್ತಾರೆ. ಇಷ್ಟು ಹತ್ತಿರದ ಊರಿಗೆ ವಿಮಾನ ಆ ವೇಗದಲ್ಲಿ ಹಾರುವುದೇ ಸ್ವಲ್ಪ ಹೊತ್ತು. ಮೇಲೇರಿ ಮುಗಿಯುವಷ್ಟರಲ್ಲಿ ಇಳಿಯಲು ಶುರು ಮಾಡಬೇಕು. ರನ್‌ವೇವರೆಗೆ ಸಾಗುವುದು, ಸರದಿಗೆ ಕಾಯುವುದು ಎಲ್ಲ ಸೇರಿಯೇ ವೇಳಾಪಟ್ಟಿಯ ಒಂದು ಗಂಟೆ. ಚಿಕ್ಕ ಎಟಿಆರ್ ವಿಮಾನವಾದರೆ ಅದರ ವೇಗವೇ ಗಂಟೆಗೆ 500 ಕಿ.ಮೀ. ಆಸುಪಾಸು.

ಪುತ್ತೂರು, ಸುಳ್ಯ, ಉಪ್ಪಿನಂಗಡಿಯವರ ವಿಷಯ ನನಗೆ ಮುಖ್ಯ. ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದರೆ ಶಿರಾಡಿ ಘಾಟಿ ಇಳಿದ ಮೇಲೆ ಮಂಗಳೂರಿಗಿಂತ ಮೊದಲೇ ಉಪ್ಪಿನಂಗಡಿ ಸಿಗುತ್ತದೆ. ವಿಮಾನ ಹತ್ತಿದವರು ತಮ್ಮ ಊರು ದಾಟಿ ಬಜಪೆಯಲ್ಲಿ ಇಳಿದು, ಮತ್ತೆ ಐವತ್ತು ಅರುವತ್ತು ಕಿಲೋಮೀಟರ್, ಸುಳ್ಯದವರಾದರೆ ಇನ್ನೂ ಜಾಸ್ತಿ, ವಾಪಸ್ ಬರಬೇಕು. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಕೆಂಗೇರಿಯಿಂದ ಪುತ್ತೂರಿಗೆ ವಿಮಾನದಲ್ಲೂ ಆರೂವರೆ ಗಂಟೆಯಾಗುತ್ತದೆ. ಬಸ್ಸಿಗೆ ಏಳು ಗಂಟೆ ಅಂದುಕೊಳ್ಳಿ. ಉಳಿಯುವ ಅರ್ಧ ಗಂಟೆಗೆ ಸಾವಿರಾರು ರೂಪಾಯಿ ಸುಮ್ನೆ ಯಾಕೆ ಕೊಡಬೇಕು? ಮಂಗಳೂರು ಪೇಟೆಗೇ ಹೋಗುವವರಿಗೆ, ಅದರಲ್ಲೂ ಹೆಬ್ಬಾಳ, ಯಲಹಂಕದ ಕಡೆಯವರಿಗೆ ಮಾತ್ರ ವಿಮಾನ ನಿಜವಾಗಿಯೂ ಬೇಗ.

ರೈಲಿನ ಕಥೆ ಬೇರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ, 50 ಅಡಿ ಸಾಗಿದರೆ ಒಂದು ಅಡಿ ಇಳಿಯುವ ದಾರಿ ಅದು. ಅಲ್ಲಿ ಅವಸರ ಮಾಡುವ ಹಾಗಿಲ್ಲ. ಆದರೂ ರಾತ್ರಿ ಮಲಗಿ ಬೆಳಿಗ್ಗೆ ಇಳಿಯಬಹುದು, ವಯಸ್ಸಾದವರಿಗೆ ಇದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ದಯವಿಟ್ಟು ಪ್ರಯಾಣದ ಸುದ್ದಿ ಬರೆಯುವಾಗ ನಿಲ್ದಾಣಕ್ಕೆ ಹೋಗುವ, ಕಾಯುವ, ಇಳಿದು ಮನೆ ಸೇರುವ ಸಮಯವನ್ನೂ ಸೇರಿಸಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆದಾಗಂತೂ ಇದು ತೀರಾ ಬೇಕು. ಅಂಥ ದಿನ ಬಜಪೆಯಲ್ಲೂ ಮೋಡ ಕವಿದು ವಿಮಾನಗಳು ಬೇರೆ ಊರಿಗೆ ಹೋಗುವುದುಂಟು. ಚಾರ್ಮಾಡಿ ಘಾಟಿ ರಸ್ತೆ ತೆರೆದಿದೆಯಾ, ರೈಲು ಓಡುತ್ತಿದೆಯಾ, ವಿಮಾನ ಇಳಿಯುತ್ತಿದೆಯಾ ಅನ್ನುವುದನ್ನು ಒಂದೇ ಕಡೆ ಹಾಕಿ.

– ಒಬ್ಬ ಓದುಗ, ಕೆಂಗೇರಿ, ಬೆಂಗಳೂರು